ನಂಬರು ಬರೆದ ಓಟುಗಳು

ಬಂಗಾರಪೇಟೆ
೧೮-೧-೧೯೬೦

ರತ್ನಕ್ಕನಿಗೆ,

ನಾನು ಕದಿರಪ್ಪ. ಅರ್ಧ ಗಂಟೆ ರೈಲಿನ ದೂರಕ್ಕೆ ಇವನು ಕಾಗದ ಯಾಕೆ ಬರೀತಾನೆ ಅಂತ ನಗಬೇಡ. ನಿನ್ನೆ ನಿಮ್ಮ ಮನೆಗೆ ಬಂದವನು ಪಂಚಾಯ್ತಿ ಎಲೆಕ್ಷನ್ ಮಾತು ಎತ್ತಿದ ಕೂಡಲೇ ಭಾವ ಏನಂದರು? "ಇಂದ ಪೇಚು, ಈ ಮಾತು, ನಮ್ ಮನೇಲಿ ಬ್ಯಾಡಪ್ಪ" ಅಂದರು. ಮೂರು ವರ್ಷ ನಮ್ಮ ಬಂಡೆಕುಂಟೆಯಲ್ಲಿ ಮನೆಅಳಿಯನಾಗಿ ಅಪ್ಪನ ಪಕ್ಕದಲ್ಲೇ ಕೂತು ಮುದ್ದೆ ಉಂಡವರು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯವರ ಲೈನ್ ಮನೆ ಸಿಕ್ಕಿದ್ದೇ ತಡ, ಮಾವ ಸೋತ ಮಾತು ಕಿವಿಗೆ ಬೇಡವಾಯಿತು. ಇದು ಮುಗಿಯೋವರೆಗೂ ನಿಮ್ಮ ಹೊಸಲು ತುಳಿಯಲ್ಲ ನಾನು. ಕಾಗದ ಬರೀತೀನಿ. ಭಾವನಿಗೆ ತಮಿಳು ಬಿಟ್ಟರೆ ಬೇರೆ ಓದೋಕೆ ಬರಲ್ಲ, ನೀನೇ ಓದಿ ಹೇಳು.

ನೀನು ಓಟು ಹಾಕಿ ಸಾಯಂಕಾಲದ ರೈಲಿಗೆ ಭಾವನ ಜೊತೆ ಹೊರಟೆ. ಆಮೇಲೆ ಏನಾಯಿತು ಅಂತ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ನಮ್ಮ ಸ್ಕೂಲಿನಲ್ಲೇ ಎಣಿಸಿದರು. ಆಫೀಸರ್ ಒಬ್ಬ, ಮೇಜು ಒಂದು, ಆ ಕಡೆ ಶ್ರೀನಿವಾಸಪ್ಪ, ಈ ಕಡೆ ಅಪ್ಪ. ಆಫೀಸರ್ ಒಂದೊಂದೇ ಚೀಟಿ ಎತ್ತಿ ತೋರಿಸುತ್ತಿದ್ದ. ಏಣಿ ಗುರುತಿನ ಮೇಲೆ ಮುದ್ರೆ ಇದ್ದರೆ ಅಪ್ಪನಿಗೆ, ಕೊಡೆ ಮೇಲೆ ಇದ್ದರೆ ಶ್ರೀನಿವಾಸಪ್ಪನಿಗೆ. ಚೆನ್ನಾಗೇ ನಡೀತಿತ್ತು. ಆಮೇಲೆ ಒಂದು ಚೀಟಿಯ ಬೆನ್ನು ನೋಡಿದ, ಹುಬ್ಬು ಗಂಟು ಹಾಕಿದ, ಮುಂಭಾಗ ಯಾರಿಗೂ ತೋರಿಸದೆ ಕವುಚಿ ಪಕ್ಕಕ್ಕಿಟ್ಟ. ಹಾಗೇ ಇನ್ನೊಂದು. ಒಟ್ಟು ಹನ್ನೊಂದು. ಅಪ್ಪ ಸೋತಿದ್ದು ಬರೀ ನಾಲ್ಕು ಓಟಿನಲ್ಲಿ.

ಏನು ಸ್ವಾಮಿ ಅಂತ ಕೇಳಿದೆ. "ಹಿಂದುಗಡೆ ಪೆನ್ಸಿಲ್ಲಿನಲ್ಲಿ ನಂಬರು ಬರೆದಿದ್ದಾರೆ, ಇವು ತಿರಸ್ಕೃತ" ಅಂದ. ಯಾರ ನಂಬರು ಅಂತ ನನಗೆ ಆಗಲೇ ಗೊತ್ತಾಯಿತು. ಗಣಿಗೆ ಹೋಗೋರ ಬಿಲ್ಲೆ ನಂಬರು. ಬಂಡೆ ಕೆಳಗಿನ ನಮ್ಮ ಕೇರಿಯವರದು. ಬೆಳಕು ಹರಿಯೋ ಮುಂಚೆ ಶ್ರೀನಿವಾಸಪ್ಪನ ತೋಟ ಸುತ್ತಿಕೊಂಡು ಸ್ಟೇಷನ್ನಿಗೆ ಓಡೋರು. ಆ ತೋಟದ ಬದುವಿನ ಮೇಲೆ ನೆಟ್ಟಗೆ ದಾರಿ ಬಿಡಿಸ್ತೀನಿ ಅಂತಲೇ ಅಲ್ಲವಾ ಅಪ್ಪ ನಿಂತಿದ್ದು? ಅವರು ಇನ್ನು ಯಾರಿಗೆ ಹಾಕಿರ್ತಾರೆ?

ಫಲಿತಾಂಶ ನಾಳೆ ತಾಲೂಕು ಆಫೀಸಿನಲ್ಲಿ ಹೇಳ್ತೀವಿ ಅಂದರು. ಬೆಳಿಗ್ಗೆ ಮೊದಲನೇ ಚಿಕ್ಕ ರೈಲು ಹತ್ತಿ ಕೋಲಾರಕ್ಕೆ ಹೋದೆ. ಮುನಸೀಫ್ ಕೋರ್ಟಿನ ಮುಂದೆ ವಕೀಲ ರಾಮಚಂದ್ರಪ್ಪನವರು ಸಿಕ್ಕಿದರು, ನಮ್ಮ ಕಡೆಯವರೇ. ಫಲಿತಾಂಶ ಹೇಳದ ಹಾಗೆ ತಡೆ ತನ್ನಿ ಅಂದೆ. ಅವರು ಎಲೆಅಡಿಕೆ ಉಗಿದು ಅಂದರು, "ಒಲೆ ಮ್ಯಾಲಿರೋ ಎಸರಿಗೆ ಯಾರಾನ ಕೈ ಆಕ್ತಾರೇನ್ಲಾ? ಎಲೆಕ್ಷನ್ ನಡೀತಿರೋವಾಗ ಯಾವ ಕೋರ್ಟೂ ಮುಟ್ಟಂಗಿಲ್ಲ. ಇಳಿಸಿದ್ ಮ್ಯಾಕೆ ಬಾ."

ವಾಪಸ್ಸು ಬರೋ ಹೊತ್ತಿಗೆ ಇಳಿಸಿ ಆಗಿತ್ತು. ಶ್ರೀನಿವಾಸಪ್ಪನ ಕೊರಳಲ್ಲಿ ಹಾರ.

ಅಕ್ಕಾ, ನನಗೆ ಒಂದು ಅರ್ಥ ಆಗಲ್ಲ. ಆ ರಾತ್ರಿಯಿಂದ ಬೆಳಿಗ್ಗೆವರೆಗೆ ಆ ಹನ್ನೊಂದು ಚೀಟಿ ಯಾರದು? ಹಾಕಿದವರದ್ದಲ್ಲ, ಕೋರ್ಟಿನದ್ದಲ್ಲ. ಏಳನೇ ಕ್ಲಾಸು ಬಿಟ್ಟವನಿಗೆ ಹೊಳೆಯದ್ದು ಯಾರಿಗಾದರೂ ಹೊಳೆದಿರುತ್ತೆ, ಹುಡುಕ್ತೀನಿ. ನೀನು ಒಂದು ಕೆಲಸ ಮಾಡು. ನಿಮ್ಮ ಲೈನಿನಲ್ಲಿ ಕೇಳಿ ಬರಿ. ಆ ಹಾಳು ನಂಬರು ಯಾಕೆ ಬರೆದರು?

ನಿನ್ನ ತಮ್ಮ
ಕದಿರಪ್ಪ


ಚಾಂಪಿಯನ್ ರೀಫ್ಸ್
೨೬-೧-೧೯೬೦

ಕದಿರನಿಗೆ,

ನಿನ್ನ ಕಾಗದ ಸೇರಿತು. ಹೊಸಲು ತುಳಿಯಲ್ಲ ಅಂದಿದ್ದೀಯ, ಸಂತೋಷ. ಈ ಮನೆಯ ಹೊಸಲು ಮೊದಲೇ ಸವೆದಿದೆ, ಉಳಿಯುತ್ತೆ. ನನಗೆ ಈಗ ಆರು ತಿಂಗಳು. ಬಗ್ಗಿ ಏಳುವುದು ಕಷ್ಟ, ಬೇರೆ ತೊಂದರೆ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಸುಲಭ. ಗಣಿಯಲ್ಲಿ ನಂಬರು ಇಲ್ಲದ ವಸ್ತು ಇಲ್ಲ. ಟೈಂ ಆಫೀಸಿನ ಹಲಗೆಯಲ್ಲಿ ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆ ಬಿಲ್ಲೆ. ಕೆಳಗಿಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದವನು ತಿರುಗಿ ಕೊಡಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಅಂತ. ದೀಪಕ್ಕೂ ಅದೇ ನಂಬರು, ಬೂಟಿಗೂ ಅದೇ. ನಂಬರು ಇಲ್ಲದ್ದು ಕಳೆದುಹೋಗುತ್ತೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು.

ಹಿಂದಿನ ಎಲೆಕ್ಷನ್ನುಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ ಇತ್ತಲ್ಲ. ನಮ್ಮವನ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಈ ಸಲ ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ. ಸಾಲಿನಲ್ಲಿ ನಿಂತವರಿಗೆ ದಿಗಿಲಾಯಿತಂತೆ, ಇಷ್ಟು ಚೀಟಿಯಲ್ಲಿ ನನ್ನದು ನನ್ನದು ಅಂತ ಗೊತ್ತಾಗುವುದು ಹೇಗೆ ಅಂತ. ನಿಮ್ಮ ಭಾವ ಮರ ಕಟ್ಟುವ ಗ್ಯಾಂಗಿನವರು, ಸುರಂಗದಲ್ಲಿ ದಿಮ್ಮಿಗೆ ಗುರುತು ಹಾಕುವ ದಪ್ಪ ಪೆನ್ಸಿಲ್ಲು ಯಾವಾಗಲೂ ಕಿವಿ ಮೇಲೆ ಇರುತ್ತೆ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಸಹಿ ಬಾರದವರಿಗೂ ತಮ್ಮ ನಂಬರು ಬರೆಯಲು ಬರುತ್ತೆ. ಅಷ್ಟೇ ಕಣೋ. ಮೋಸ ಇಲ್ಲ, ಕುಡಿತ ಇಲ್ಲ, ಯಾರೂ ಹೇಳಿಕೊಟ್ಟಿದ್ದಲ್ಲ. ಓಟು ಕಳೆದುಹೋಗಬಾರದು ಅಂತ ಬರೆದರು, ಬರೆದಿದ್ದಕ್ಕೇ ಕಳೆದುಹೋಯಿತು.

ನಿನ್ನ ಕಾಗದ ಜೋರಾಗಿ ಓದಿದೆ. ಹನ್ನೊಂದು ಚೀಟಿ ಅನ್ನೋ ಹೊತ್ತಿಗೆ ನಿಮ್ಮ ಭಾವ ತಟ್ಟೆ ಬಿಟ್ಟು ಕೈ ತೊಳೆದು ಎದ್ದರು. ಎರಡನೇ ಪಾಳಿ ಇತ್ತು, ಹೊತ್ತಾಯಿತು ಅಂದರು.

ಆಗಿದ್ದು ಆಯಿತು ಅಂತ ಬಿಡಬಾರದಾ? ಅಪ್ಪನಿಗೆ ಆ ಕುರ್ಚಿ ಇಲ್ಲದೆ ಊಟ ಸೇರದೆ ಹೋಗಿದೆಯಾ?

ನಿನ್ನ ಅಕ್ಕ
ರತ್ನಮ್ಮ


ಬಂಗಾರಪೇಟೆ
೫-೨-೧೯೬೦

ರತ್ನಕ್ಕನಿಗೆ,

ಬಿಡಬಾರದಾ ಅಂತ ಕೇಳ್ತೀಯ. ಬಿಡಲ್ಲ. ನಿನ್ನ ಕಾಗದ ಓದಿದ ಮೇಲಂತೂ ಬಿಡಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೆ ಸುಮ್ಮನೆ ಇರ್ತಿದ್ದೆ. ಬೆವರಿನ ನಂಬರು ಬರೆದಿದ್ದು ತಪ್ಪಾ?

ಅಪ್ಪನಿಗೆ ಅರ್ಜಿಗೆ ರುಜು ಹಾಕು ಅಂದೆ. ಆಗಲ್ಲ ಅಂದ. "ಸೋತೋನು ಸೋತ ಕಣ್ಲಾ. ಕೋರ್ಟಿಗೋಗಿ ಗೆದ್ದೋನ್ನ ಊರು ಗೆದ್ದ ಅನ್ನಲ್ಲ" ಅಂತ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದ. ಅಪ್ಪನ ಜೊತೆ ಒಂದು ವಾರ ಮಾತಿಲ್ಲ. ಆದರೆ ರಾಮಚಂದ್ರಪ್ಪನವರು ಹೇಳಿದರು, ಆ ವಾರ್ಡಿನ ಓಟರ್ ಆದವನು ಯಾರಾದರೂ ಅರ್ಜಿ ಹಾಕಬಹುದು ಅಂತ. ನನಗೆ ಇಪ್ಪತ್ತೊಂದು ತುಂಬಿ ಮೊದಲನೇ ಓಟು ಹಾಕಿದ್ದೇನೆ. ನಾನೇ ಹಾಕ್ತೀನಿ ಅಂದೆ. ಹಾಕಿದೆ.

ಅದಕ್ಕೆ ಮುಂಚೆ ತಿರುಗಿದ್ದು ಕೇಳು. ಮೊದಲು ತಹಸೀಲ್ದಾರರ ಹತ್ತಿರ ಹೋದೆ. ಎಣಿಸಿದ್ದು ನಮ್ಮವರೇ ಆದರೂ ಎಣಿಸಿದ್ದು ತಪ್ಪು ಅನ್ನೋ ಅಧಿಕಾರ ನಮಗಿಲ್ಲ ಅಂದರು. ಆ ಆಫೀಸರ್‌ನನ್ನೇ ಹುಡುಕಿ ಹಿಡಿದು ಬೈದೆ. ಒಂದು ಸಲ ಹೇಳಿಯಾದ ಮೇಲೆ ಮಾತು ತಿದ್ದೋಕೆ ನನಗೇ ಅಧಿಕಾರ ಇಲ್ಲಪ್ಪ ಅಂದ. ಮುನಸೀಫ್ ಕೋರ್ಟಿನ ಶಿರಸ್ತೇದಾರರು, ದಾವಾ ಅಂತ ತಂದರೆ ಬಾಗಿಲಲ್ಲೇ ವಾಪಸ್ಸು ಅಂದರು. ಹಾಗಾದರೆ ಯಾರಿಗೆ ಇದೆ ಸ್ವಾಮಿ ಅಂದರೆ, ಮುನಸೀಫರಿಗೇ ಅಂದರು. ನನಗೆ ತಲೆ ತಿರುಗಿತು. ಆಮೇಲೆ ರಾಮಚಂದ್ರಪ್ಪನವರು ಬಿಡಿಸಿ ಹೇಳಿದರು. ಹೊಸ ಪಂಚಾಯ್ತಿ ಕಾನೂನಿನ ಪ್ರಕಾರ ಎಲೆಕ್ಷನ್ ತಕರಾರು ಕೇಳೋವಾಗ ಮುನಸೀಫರು ಮಾಮೂಲಿ ಕೋರ್ಟಲ್ಲವಂತೆ. ಜಮೀನು, ಸಾಲ, ಗೋಡೆ ಜಗಳಕ್ಕೆ ಕೂರೋ ಮನುಷ್ಯನೇ, ಕೂರೋ ಕುರ್ಚಿಯೇ, ಆದರೆ ಆವತ್ತು ಬೇರೆ ಅಧಿಕಾರ. ದಾವಾ ಅಂದರೆ ಬಾಗಿಲು ಮುಚ್ಚಿದೆ, ಚುನಾವಣಾ ಅರ್ಜಿ ಅಂದರೆ ತೆರೆದಿದೆ. ಗಡುವಿನೊಳಗೆ ತರಬೇಕು, ಅಷ್ಟೇ. ನಾನು ಬೈಯೋಣ ಅಂತ ಹೋದವನು ಬಾಯಿ ಬಿಟ್ಟುಕೊಂಡು ಕೇಳುತ್ತಾ ಕೂತೆ. ನಮ್ಮ ಊರಿನ ಪೂಜಾರಿ ಮೈಮೇಲೆ ಮಾರಮ್ಮ ಬಂದಾಗ ಬೇರೆ ಮಾತು, ಇಳಿದ ಮೇಲೆ ಬೇರೆ ಮಾತು ಆಡಲ್ವಾ? ಹಾಗೆ.

ಪೆಟ್ಟಿಗೆ ಎಲ್ಲಿದೆ ಅಂತ ನೋಡಿಕೊಂಡು ಬಂದೆ. ತಾಲೂಕು ಖಜಾನೆಯಲ್ಲಿ, ಅರಗಿನ ಮುದ್ರೆ ಹಾಕಿ. ಒಳಗೆ ಬಿಡಲಿಲ್ಲ. ಪೊಲೀಸಿನವನು "ಇಲ್ಲೇನ್ ನೋಡ್ತೀಯ, ಬೀಗ ಐತೆ, ನೋಡ್ಕಂಡೋಗು" ಅಂದ. ನೋಡಿಕೊಂಡೇ ಬಂದೆ. ಒಳಗೆ ಹನ್ನೊಂದು ಮಾತು ಕವುಚಿ ಬಿದ್ದಿವೆ.

ಲೆಕ್ಕ ಹಾಕಿದ್ದೀನಿ. ಹನ್ನೊಂದರಲ್ಲಿ ಎಂಟು ನಮಗೆ ಬಂದರೆ ಸಾಕು, ಅಪ್ಪ ಗೆದ್ದ. ಭಾವನದು ಹೇಗೂ ಒಂದು ನಮ್ಮದೇ, ಅದನ್ನು ಎಣಿಸೋ ಕೆಲಸವೇ ಇಲ್ಲ. ಇನ್ನು ಏಳು ತಾನೆ.

ತಟ್ಟೆ ಬಿಟ್ಟು ಎದ್ದರು ಅಂದೆಯಲ್ಲ, ನನಗೆ ಅರ್ಥ ಆಯಿತು. ಭಾವನಿಗೆ ಶ್ರೀನಿವಾಸಪ್ಪನ ಭಯ. ಹೆದರಬೇಡಿ ಅಂತ ಹೇಳು. ಲೈನಿಗೆ ಬಂದು ಯಾರೂ ಕಡಿಯಲ್ಲ.

ಕದಿರಪ್ಪ


ಚಾಂಪಿಯನ್ ರೀಫ್ಸ್
೧೬-೨-೧೯೬೦

ಕದಿರಾ,

ಕಾಗದ ಬಂತು. ಈ ಸಲ ನಾನೊಬ್ಬಳೇ ಓದಿಕೊಂಡೆ.

ನಿನಗೆ ಇಷ್ಟೆಲ್ಲ ತಿಳಿದಿದೆ, ಇನ್ನೂ ಸ್ವಲ್ಪ ತಿಳಿದುಕೊಂಡು ಬರಿ. ಆ ಮುನಸೀಫರಿಗೆ ನಿಜವಾಗಿಯೂ ಮುದ್ರೆ ಒಡೆಯುವ ಅಧಿಕಾರ ಇದೆಯಾ? ಅರ್ಜಿ ಕೇಳುವ ಅಧಿಕಾರ ಬೇರೆ, ಪೆಟ್ಟಿಗೆ ತೆಗೆಯುವ ಅಧಿಕಾರ ಬೇರೆ ಇರಬಹುದಲ್ಲ? ಶ್ರೀನಿವಾಸಪ್ಪನ ವಕೀಲರು ಏನಂತಾರೆ? ಒಂದು ವೇಳೆ ತೆಗೆದರೆ ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರು ಯಾರು ಇರುತ್ತಾರೆ? ಚೀಟಿಯ ಬೆನ್ನು ಮಾತ್ರ ನೋಡುತ್ತಾರಾ, ಮುಂಭಾಗವೂ ನೋಡುತ್ತಾರಾ? ನಂಬರನ್ನು ಕೂಗಿ ಹೇಳುತ್ತಾರಾ?

ನಿನ್ನ ಭಾವ ಯಾರಿಗೂ ಹೆದರಿದವರಲ್ಲ. ಮೇಲಿಂದ ಕಲ್ಲು ಬೀಳುವ ಜಾಗದಲ್ಲಿ ಮರ ಕೊಟ್ಟು ನಿಲ್ಲಿಸುವವರು. ಆ ಮಾತು ಬರೆಯಬೇಡ.

ಅಮ್ಮನ ಮಂಡಿ ನೋವು ಹೇಗಿದೆ? ಅಪ್ಪನ ಜೊತೆ ಮಾತು ಬಿಡಬೇಡ.

ರತ್ನಮ್ಮ


ಬಂಗಾರಪೇಟೆ
೮-೩-೧೯೬೦

ಅಕ್ಕಾ,

ಈಗ ನೀನು ನನ್ನ ಅಕ್ಕ. ಅಂತೂ ನಿನಗೂ ಕೇಸಿನ ರುಚಿ ಹತ್ತಿತು. ನೀನು ಕೇಳಿದ ಪ್ರಶ್ನೆಯನ್ನೇ ಶ್ರೀನಿವಾಸಪ್ಪನ ವಕೀಲ ಕೇಳಿದ, ಪದಕ್ಕೆ ಪದ. ಕೋಲಾರದಲ್ಲಿ ನಿನ್ನನ್ನೇ ನಿಲ್ಲಿಸಬಹುದಿತ್ತು.

ನಿನ್ನೆ ವಾಯಿದೆ ಇತ್ತು. ಅಂಗಿ ಒಗೆದು ಹಾಕಿಕೊಂಡು ಹೋದೆ. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರೋ ನನ್ನ ಜೊತೆಯವರು ಇಬ್ಬರು ಬಂದಿದ್ದರು, ಕೋರ್ಟು ಅಂದರೆ ಹೇಗಿರುತ್ತೆ ನೋಡೋಣ ಅಂತ. ಒಬ್ಬ ಅರ್ಧ ಗಂಟೆಗೆ ನಿದ್ದೆ ಹೋದ.

ಆ ವಕೀಲ ಎದ್ದು ನಿಂತು ಹೇಳಿದ್ದು ಇಷ್ಟು. ಚೀಟಿ ಸರಿಯೋ ತಪ್ಪೋ ಅನ್ನೋದು ಎಣಿಸೋ ಆಫೀಸರ್‌ಗೆ ಬಿಟ್ಟಿದ್ದು, ಅವನ ಮಾತೇ ಕೊನೆ. ತಮಗೆ ಅರ್ಜಿ ಕೇಳೋ ಅಧಿಕಾರ ಇದೆ, ಮುದ್ರೆ ಒಡೆದು ಮತ್ತೆ ಎಣಿಸೋ ಅಧಿಕಾರ ಇಲ್ಲ. ಇವತ್ತು ಇದಕ್ಕೆ ಒಡೆದರೆ ನಾಳೆ ಸೋತವನೆಲ್ಲ ಬರ್ತಾನೆ, ಮೈಸೂರು ರಾಜ್ಯದಲ್ಲಿ ಒಂದು ಪೆಟ್ಟಿಗೆಗೂ ಮುದ್ರೆ ಉಳಿಯಲ್ಲ. ಶ್ರೀನಿವಾಸಪ್ಪ ಹಿಂದೆ ಕೂತು ತಲೆ ಆಡಿಸಿದ್ದೇ ಆಡಿಸಿದ್ದು.

ನಮ್ಮ ರಾಮಚಂದ್ರಪ್ಪನವರು ಆವತ್ತು ಎಲೆಅಡಿಕೆ ಹಾಕಿರಲಿಲ್ಲ. ಎಣಿಕೆ ತಪ್ಪಾಗಿದೆ ಅನ್ನೋ ಅರ್ಜಿಯನ್ನು ಕೇಳಬಹುದು, ಎಣಿಕೆಯನ್ನು ನೋಡಬಾರದು ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿ ಸಾಕ್ಷಿ ತೋರಿಸಿದ ಹಾಗೆ ಅಂದರು. ಹನ್ನೊಂದು ಜನ ಬಡವರು ಯಾಕೆ ಬರೆದರು ಅಂತ ನೀನು ಬರೆದಿದ್ದನ್ನೇ ಹೇಳಿದರು. ಮೊಳೆ, ಬಿಲ್ಲೆ, ಎಲ್ಲ. ಮುನಸೀಫರು ಪೆನ್ನು ಕೆಳಗಿಟ್ಟು ಕೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಮಾರಮ್ಮ ಮೈಮೇಲೆ ಬಂದಿದ್ದಾಳಾ ಇಲ್ಲವಾ ಅಂತ.

ಬಂದಿದ್ದಳು. ಅಧಿಕಾರ ಇದೆ ಅಂದರು. ಏಪ್ರಿಲ್ ನಾಲ್ಕಕ್ಕೆ ಪೆಟ್ಟಿಗೆ ಕೋರ್ಟಿಗೆ ಬರುತ್ತೆ.

ನಿನ್ನ ಬಾಕಿ ಪ್ರಶ್ನೆಗಳಿಗೆ ಉತ್ತರ. ಎರಡೂ ಕಡೆಯವರು ಮೇಜಿನ ಹತ್ತಿರ ನಿಲ್ಲಬಹುದು. ಬೆನ್ನೂ ನೋಡ್ತಾರೆ, ಮುಂಭಾಗವೂ ನೋಡ್ತಾರೆ. ನಂಬರು ಓದಿ ಹೇಳ್ತಾರೆ, ಗಣಿಯ ಟೈಂ ಆಫೀಸಿನಿಂದ ಗುಮಾಸ್ತರು ಬಂದು ಈ ನಂಬರು ಇಂಥವನದು ಅಂತ ಹೆಸರು ಹೇಳ್ತಾರೆ. ಹೊರಗಿನವರು ಬರೆದಿದ್ದಲ್ಲ, ನಮ್ಮ ಓಟರ್‌ಗಳೇ ಬರೆದಿದ್ದು ಅಂತ ಸಾಬೀತಾಗಬೇಕಲ್ಲ. ನಾನೇ ರಾಮಚಂದ್ರಪ್ಪನವರಿಗೆ ಈ ಉಪಾಯ ಕೊಟ್ಟಿದ್ದು.

ಮೊದಲನೇ ಹೆಸರು ಭಾವನದೇ, ಕುಪ್ಪುಸ್ವಾಮಿ ಅಂತಲೇ ಬರಲಿ. ಶ್ರೀನಿವಾಸಪ್ಪನ ಮುಖ ಆವಾಗ ನೋಡಬೇಕು. ಭಾವನಿಗೆ ರಜೆ ಹಾಕಿ ಬರೋಕೆ ಹೇಳು.

ಕದಿರಪ್ಪ


ಚಾಂಪಿಯನ್ ರೀಫ್ಸ್
೧೫-೩-೧೯೬೦

ಕದಿರಾ,

ಇದನ್ನು ಓದುವಾಗ ಅಪ್ಪ ಪಕ್ಕದಲ್ಲಿದ್ದರೆ ಎದ್ದು ಆಚೆ ಹೋಗಿ ಓದು.

ನಿನ್ನ ಭಾವ ಓಟು ಹಾಕಿದ್ದು ಅಪ್ಪನಿಗಲ್ಲ. ಶ್ರೀನಿವಾಸಪ್ಪನಿಗೆ.

ನಿನ್ನ ಮೊದಲನೇ ಕಾಗದ ಓದಿದ ದಿನವೇ, ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಾ ತಾವಾಗಿಯೇ ಹೇಳಿದರು. "ಚೀಟಿ ಎತ್ತಿ ನೋಡಿದ್ರೆ ನಿಮ್ಮಪ್ಪಂಗೆ ಗೊತ್ತಾಗ್ತದೆ ರತ್ನಾ" ಅಂದರು. ಯಾಕೆ ಹಾಗೆ ಮಾಡಿದಿರಿ ಅಂದೆ. ಅತ್ತೆ, ಅಂದರೆ ನಿನ್ನ ಭಾವನ ತಾಯಿ, ತೀರಿಕೊಂಡಾಗ ಶ್ರೀನಿವಾಸಪ್ಪ ಗಾಡಿ ಕಳಿಸಿದ್ದರು, ಅದಕ್ಕಾ ಅಂದೆ. ಅಪ್ಪ ಮೂರು ವರ್ಷ ಊಟಕ್ಕೆ ಕೂತಾಗಲೆಲ್ಲ ಮನೆಅಳಿಯ ಅಂತ ಏನೋ ಒಂದು ಅಂತಿದ್ದರು, ಅದಕ್ಕಾ ಅಂದೆ. ಎರಡನೇ ಬೂಟನ್ನೂ ಬಿಚ್ಚಿಟ್ಟರು. ಕೊನೆಗೆ "ಅದು ನಂದು" ಅಂದರು. ಅಷ್ಟೇ. ಆಮೇಲೆ ನಾನೂ ಕೇಳಿಲ್ಲ.

ನಾನು ಎರಡು ತಿಂಗಳು ನಿನ್ನಿಂದ ಮುಚ್ಚಿಟ್ಟೆ. ಕೋರ್ಟಿಗೆ ಅಧಿಕಾರ ಇಲ್ಲದೆ ಹೋಗಲಿ ಅಂತ ಲೈನಿನ ಮಾರಿಯಮ್ಮನ ಗುಡಿಗೆ ಹರಕೆ ಹೊತ್ತೆ. ನೀನು ಅದನ್ನು ಕೇಸಿನ ರುಚಿ ಅಂದುಕೊಂಡೆ.

ಇನ್ನೊಂದು ಮಾತು. ನಿನ್ನ ಭಾವನದು ಒಂದೇ ಅಲ್ಲ ತೊಂದರೆ. ಅಪ್ಪನಿಗೇ ಹಾಕಿದವರೂ ಇದ್ದಾರೆ, ಅವರು ನನ್ನ ಹತ್ತಿರ ಬಂದು ಕಣ್ಣೀರು ಹಾಕಿದರು. ನಮ್ಮೂರ ಚಿಕ್ಕವೆಂಕಟಮ್ಮ ಗೊತ್ತಲ್ಲ, ಅವಳ ಗಂಡನ ನಂಬರೂ ಅದರಲ್ಲಿದೆ, ಅವನು ಏಣಿಗೇ ಹಾಕಿದ್ದಾನೆ. ಅವರ ಗುಡಿಸಲು ನಿಂತಿರುವುದು ಶ್ರೀನಿವಾಸಪ್ಪನ ಜಾಗದಲ್ಲಿ. "ನಿನ್ ತಮ್ಮಂಗೇಳಮ್ಮ, ನಮ್ನ ಗೆಲ್ಲಿಸಾಕೋಗಿ ಬೀದಿಗ್ ತರ್ತಾವ್ನೆ" ಅಂದಳು. ಆ ಮೇಜಿನ ಹತ್ತಿರ ನೀನು ಮಾತ್ರ ನಿಲ್ಲುವುದಿಲ್ಲ. ಶ್ರೀನಿವಾಸಪ್ಪನೂ ನಿಲ್ಲುತ್ತಾನೆ. ನಂಬರು ಓದಿದರೆ ಇಬ್ಬರ ಕಿವಿಗೂ ಬೀಳುತ್ತೆ.

ಬಿಡು ಅಂತ ಹೇಳುವುದಿಲ್ಲ. ಅರ್ಜಿ ನಿನ್ನದು. ಬೈಯುವುದಾದರೆ ನನಗೆ ಬೈ, ಅವರಿಗೆ ಬೇಡ.

ರತ್ನಮ್ಮ


ಚಾಂಪಿಯನ್ ರೀಫ್ಸ್
೩೦-೩-೧೯೬೦

ಕದಿರನಿಗೆ,

ಕಾರ್ಡಿನಲ್ಲಿ ಹೆಚ್ಚು ಬರೆಯುವ ಹಾಗಿಲ್ಲ, ಪೋಸ್ಟ್‌ಮನ್ನೂ ಓದುತ್ತಾನೆ. ನಿನ್ನಿಂದ ಉತ್ತರ ಇಲ್ಲ. ಯುಗಾದಿಗೂ ಯಾರೂ ಬರಲಿಲ್ಲ. ಹೋಳಿಗೆ ಮಾಡಿದ್ದೆ. ನಿನ್ನ ಭಾವ ಎರಡು ಸಲ ಬಾಗಿಲಿಗೆ ಹೋಗಿ ನೋಡಿದರು. ಕ್ಷೇಮವಾಗಿದ್ದೀಯ ಅಂತ ಒಂದು ಸಾಲು ಬರಿ, ಸಾಕು.

ರ.


ಬಂಗಾರಪೇಟೆ
೬-೪-೧೯೬೦

ರತ್ನಕ್ಕನಿಗೆ,

ಕ್ಷೇಮವಾಗಿದ್ದೀನಿ. ಮೊದಲು ಅದನ್ನು ಬರೆದಿದ್ದೀನಿ, ಈಗ ಉಳಿದದ್ದು.

ನಿನ್ನ ಕಾಗದವನ್ನು ಗೂಡ್ಸ್ ಶೆಡ್ಡಿನ ಹಿಂದೆ ನಿಂತು ಓದಿದೆ. ಓದಿ ಒಂದು ಹುಣಿಸೇಹಣ್ಣಿನ ಮೂಟೆಯನ್ನು ಒದ್ದೆ, ಕಾಲಿನ ಬೆರಳು ಇನ್ನೂ ಊದಿಕೊಂಡಿದೆ. ನಮ್ಮ ಅಕ್ಕಿ ತಿಂದು ಕೊಡೆಗೆ ಹಾಕಿದನಾ ಅವನು? ಮರುದಿನವೇ ರೈಲು ಹತ್ತಿ ನಿಮ್ಮ ಕಡೆ ಬಂದೆ. ಹೌದು, ಬಂದಿದ್ದೆ. ನಿನಗೆ ಗೊತ್ತಿಲ್ಲ. ಮನೆಗೆ ಬರಲಿಲ್ಲ, ಗಣಿ ಶಾಫ್ಟಿನ ಗೇಟಿಗೆ ಹೋದೆ. ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕು ಅಂತ. ಮೊದಲನೇ ಪಾಳಿ ಬಿಡೋ ಹೊತ್ತು. ತೊಟ್ಟಿಲಿನಂಥ ಪಂಜರ ಮೇಲೆ ಬಂತು, ಮಣ್ಣಿನ ಬೊಂಬೆಗಳ ಹಾಗೆ ಜನ ಇಳಿದರು. ಯಾರು ಯಾರು ಅಂತ ಗುರುತೇ ಸಿಗಲಿಲ್ಲ. ಕಿಟಕಿಯ ಹತ್ತಿರ ಬಂದು ಒಬ್ಬೊಬ್ಬರೂ ಬಿಲ್ಲೆ ಕೊಟ್ಟು ನಂಬರು ಹೇಳುತ್ತಿದ್ದರು. ಒಂದು ದನಿ ಕೇಳಿ ಇವನೇ ಅಂತ ಗೊತ್ತಾಯಿತು. ಬಿಲ್ಲೆ ಕೊಟ್ಟರು, ಗುಮಾಸ್ತ ಅದನ್ನು ಮೊಳೆಗೆ ಹಾಕಿದ, ಭಾವ ಆ ಮೊಳೆಯನ್ನು ಒಂದು ಸಲ ನೋಡಿ ಹೊರಗೆ ಬಂದರು. ನಾನು ಗೋಡೆ ಮರೆಗೆ ಸರಿದೆ. ಯಾಕೆ ಸರಿದೆ ಅಂತ ಈಗಲೂ ಗೊತ್ತಿಲ್ಲ. ದಿನಾ ಬೆಳಗಾದರೆ ಇನ್ನೊಬ್ಬರಿಗೆ ನಂಬರು ಒಪ್ಪಿಸೋ ಮನುಷ್ಯ, ಒಂದೇ ಒಂದು ವಿಷಯ ನಂದು ಅಂದಿದ್ದಾನೆ, ಅದನ್ನೂ ಕೋರ್ಟಿನಲ್ಲಿ ಕೂಗಿಸೋಕೆ ಹೊರಟಿದ್ದೀನಲ್ಲ ಅನ್ನಿಸಿತು. ಸಿಟ್ಟು ಹೋಗಿರಲಿಲ್ಲ. ಸಿಟ್ಟು ಇಟ್ಟುಕೊಂಡೇ ವಾಪಸ್ಸು ರೈಲು ಹತ್ತಿದೆ.

ಮೊನ್ನೆ ಸೋಮವಾರ ರಾಮಚಂದ್ರಪ್ಪನವರಿಗೆ ಪೆಟ್ಟಿಗೆ ತೆಗೆಸೋದು ಬೇಡ ಅಂದೆ. "ತಲೆ ನೆಟ್ಟಗೈತೇನ್ಲಾ? ಗೆದ್ದಿರೋ ಅಧಿಕಾರಾನ ನಾನೇ ಓಗಿ ಇಲ್ಲ ಅನ್ಲಾ?" ಅಂತ ಬಾಯಿಗೆ ಬಂದ ಹಾಗೆ ಬೈದರು. ಕಾರಣ ಕೇಳಿದರು. ಹೇಳಲಿಲ್ಲ. ಕೊನೆಗೆ ಒಪ್ಪಿದರು.

ಪೆಟ್ಟಿಗೆ ಮೇಜಿನ ಮೇಲಿತ್ತು. ಗಣಿಯ ಗುಮಾಸ್ತರು ಬಂದು ಕೂತಿದ್ದರು. ರಾಮಚಂದ್ರಪ್ಪನವರು ಎದ್ದು, ಅರ್ಜಿದಾರರು ಚೀಟಿ ನೋಡಬೇಕು ಅನ್ನೋ ಬೇಡಿಕೆ ಬಿಟ್ಟಿದ್ದಾರೆ ಅಂದರು. ಇನ್ನೇನು ಮುಗಿಯಿತು ಅಂದುಕೊಂಡೆ. ಆವಾಗ ಶ್ರೀನಿವಾಸಪ್ಪ ತನ್ನ ವಕೀಲನ ಕಿವಿಯಲ್ಲಿ ಏನೋ ಹೇಳಿದ. ಆ ವಕೀಲ ಎದ್ದ. ಹೋದ ತಿಂಗಳು ಮುದ್ರೆ ಒಡೆಯೋ ಅಧಿಕಾರವೇ ಇಲ್ಲ ಅಂದವನು, ಈಗ ತಮಗೆ ಪೂರ್ತಿ ಅಧಿಕಾರ ಇದೆ, ಪೆಟ್ಟಿಗೆ ಹೇಗೂ ಬಂದಿದೆ, ತೆಗೆದು ನೋಡಿ, ನನ್ನ ಕಕ್ಷಿದಾರರ ಮೇಲೆ ಬಂದ ಅನುಮಾನ ತೊಳೆದುಹೋಗಲಿ ಅಂದ. ಅನುಮಾನ ಅಲ್ಲ ಅಕ್ಕಾ. ತನ್ನ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಏಣಿಗೆ ಹಾಕಿದವರು ಯಾರು ಅಂತ ಅವನಿಗೆ ಬೇಕು. ಚಿಕ್ಕವೆಂಕಟಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ರಾಮಚಂದ್ರಪ್ಪನವರು ಬಿಟ್ಟಾರಾ? ಬೇಡಿಕೆ ಇಲ್ಲದ ಮೇಲೆ ಮುಟ್ಟೋ ಅಧಿಕಾರ ಇಲ್ಲ ಅಂದರು. ಈಗ ಅವನು ಇದೆ ಅಂತಾನೆ, ನಮ್ಮವರು ಇಲ್ಲ ಅಂತಾರೆ. ಹೋದ ತಿಂಗಳ ಮಾತನ್ನೇ ಅಂಗಿ ಬದಲಾಯಿಸಿಕೊಂಡ ಹಾಗೆ ಬದಲಾಯಿಸಿಕೊಂಡಿದ್ದರು.

ಮುನಸೀಫರು ಕನ್ನಡಕ ತೆಗೆದರು. "ನೀವಿಬ್ಬರೂ ತಪ್ಪಿ ಒಬ್ಬರ ಕಡತ ಒಬ್ಬರು ತಂದಿದ್ದೀರೋ ಹೇಗೆ?" ಅಂದರು. ಶಿರಸ್ತೇದಾರರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನನಗೆ ನಗು ಬರಲಿಲ್ಲ. ಎದ್ದು ನಿಂತೆ. ರಾಮಚಂದ್ರಪ್ಪನವರು ಅಂಗಿ ಎಳೆದರು, ಕೂರಲಿಲ್ಲ. ಕಾಲಿನ ಬೆರಳು ನೋಯುತ್ತಿತ್ತು.

"ಸ್ವಾಮಿ, ಅಧಿಕಾರ ಐತೆ. ಓದ್ಸಲ ನಾವೇ ಅಂದ್ವಿ, ಈಗ ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಐತೆ ಅಂತ ತೆಗೀಲೇಬೇಕಾ? ಬರ್ದೋರು ಅವ್ರವ್ರ ಓಟು ಕಳ್ದೋಗ್ಬಾರ್ದು ಅಂತ ಬರ್ದವ್ರೆ. ಇನ್ನೊಬ್ರಿಗೆ ತೋರ್ಸಾಕಲ್ಲ."

ಅವರು ನನ್ನನ್ನು ನೋಡಿದರು. ಹಾಗಾದರೆ ಅರ್ಜಿ ಯಾಕೆ ಹಾಕಿದೆ ಅಂತ ಕೇಳಿದರು. ಆಗ ಗೊತ್ತಿರಲಿಲ್ಲ ಸ್ವಾಮಿ ಅಂದೆ. ಏನು ಗೊತ್ತಿರಲಿಲ್ಲ ಅಂದರು. ನಾನು ಆ ಪೆಟ್ಟಿಗೆಯನ್ನೇ ನೋಡಿದೆ. ಅವರೂ ಮುಂದಕ್ಕೆ ಕೇಳಲಿಲ್ಲ. ಆಮೇಲೆ ಶ್ರೀನಿವಾಸಪ್ಪನನ್ನು ಒಂದು ಗಳಿಗೆ ನೋಡಿದರು.

ಹೇಳಿದ್ದು ಇಷ್ಟು. ತೆಗೆಯುವ ಅಧಿಕಾರ ಈ ಪೀಠಕ್ಕೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಹಾಕಿದವನು ಯಾರು ಅಂತ ಗುರುತು ಸಿಗುವ ಚೀಟಿಯನ್ನು ಎಣಿಸಬಾರದು ಅನ್ನುವ ನಿಯಮ ಯಾಕಿದೆ ಅನ್ನುವುದು, ಇವತ್ತು ಇದನ್ನು ತೆಗೆಯಲು ಆತುರಪಡುತ್ತಿರುವವರನ್ನು ನೋಡಿದರೆ ತಿಳಿಯುತ್ತದೆ. ಆಫೀಸರ್ ಮಾಡಿದ್ದು ಸರಿ. ಪೆಟ್ಟಿಗೆ ಮುದ್ರೆ ಸಮೇತ ಖಜಾನೆಗೆ ವಾಪಸ್ಸು. ಅರ್ಜಿ ವಜಾ. ಗಣಿಯ ಗುಮಾಸ್ತರು ತಾವು ತಂದಿದ್ದನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ಹೋದರು.

ಆ ಆಫೀಸರ್‌ಗೆ ಬೈದಿದ್ದನ್ನು ನಾನು ವಾಪಸ್ಸು ತಗೊಳ್ಳಲ್ಲ. ಹೊಸ ಪದ್ಧತಿ, ಬೆನ್ನಿಗೆ ಏನೂ ಬರೀಬೇಡಿ ಅಂತ ಸಾಲಿನಲ್ಲಿ ನಿಂತವರಿಗೆ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಶ್ರೀನಿವಾಸಪ್ಪ ಮೆಂಬರ್ ಆಗೇ ಉಳಿದ. ದಾರಿ ಇಲ್ಲ. ನಮ್ಮೋರು ತೋಟ ಸುತ್ತಿಕೊಂಡೇ ಸ್ಟೇಷನ್ನಿಗೆ ಓಡಬೇಕು. ಅದಕ್ಕೆ ನನಗೆ ಉರೀತಾ ಇದೆ, ಉರೀಲಿ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಪೆಟ್ಟಿಗೆ ತೆಗೆಸಲಿಲ್ಲ ಅಂತ, ನಾನೇ ಬೇಡ ಅಂದೆ ಅಂತ. ಎರಡು ತಿಂಗಳ ಮೇಲೆ ನಮ್ಮಿಬ್ಬರ ಮಧ್ಯೆ ಅಷ್ಟು ಉದ್ದ ಮಾತು ನಡೆದಿದ್ದು ಅದೇ ಮೊದಲು. ಅಪ್ಪ ಹಗ್ಗ ಹೊಸೆಯುತ್ತಿದ್ದ. ಹೊಸೆಯೋದು ನಿಲ್ಲಿಸಿದ. ಯಾರ ಹೆಸರೂ ಬರಲಿಲ್ವಾ ಅಂದ. ಇಲ್ಲ ಅಂದೆ. ಆಮೇಲೆ ನನ್ನ ಮುಖ ನೋಡದೆ ಕೇಳಿದ.

"ಕುಪ್ಪುಸ್ವಾಮಿ ನಂಗೇ ತಾನೇ ಆಕಿದ್ದು?"

ಅಕ್ಕಾ, ಹೂ ಅಂತ ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಬರಲಿಲ್ಲ. "ಅಧಿಕಾರ ಇರೋ ಮುನಸೀಫ್ರೇ ಅದ ಕೇಳ್ಲಿಲ್ಲ ಕಣಪ್ಪ. ನಿಂಗೆಲ್ಲಿಂದ ಬಂತು? ನಂಗೂ ಇಲ್ಲ" ಅಂದೆ.

ಹಗ್ಗದಲ್ಲೇ ಹೊಡೀತಾನೆ ಅಂದುಕೊಂಡೆ. ಹೊಡೀಲಿಲ್ಲ. ಬಹಳ ಹೊತ್ತು ಆ ಹಗ್ಗದ ತುದಿಯನ್ನೇ ಬಿಚ್ಚಿ ಬಿಚ್ಚಿ ಮತ್ತೆ ಸುತ್ತುತ್ತಾ ಇದ್ದ. ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು, ಇಬ್ಬರೂ ಏಳಲಿಲ್ಲ. ಕೊನೆಗೆ ಹಗ್ಗ ಗೂಟಕ್ಕೆ ಹಾಕಿ ಎದ್ದು ಅಂದ, "ಭಾನ್ವಾರ ಇಬ್ರೂನೂ ಬರಾಕೇಳು. ಅವಳ್ಗೆ ರೈಲ್ನಾಗೆ ಕೂರಾಕ್ ಜಾಗ ಮಾಡ್ಕೊಡು ಅನ್ನು ಆವಯ್ಯಂಗೆ. ಬಾಡು ನಾನ್ ತರ್ತೀನಿ."

ಈ ಕಾಗದವನ್ನು ಭಾವನಿಗೆ ಓದಿ ಹೇಳಬೇಡ. ನೀನು ನನಗೆ ಬರೆದಿದ್ದೂ ಅವರಿಗೆ ಗೊತ್ತಾಗೋದು ಬೇಡ. ಭಾನುವಾರ ಬನ್ನಿ ಅಂತ ಮಾತ್ರ ಹೇಳು. ಸ್ಟೇಷನ್ನಿಗೆ ನಾನೇ ಬಂದಿರ್ತೀನಿ.

ನಿನ್ನ ತಮ್ಮ
ಕದಿರಪ್ಪ